ಸುಷಿಯ ಎಲೆ, ಮುದ್ದೆಯ ಎಲೆ

ಕನಕಪುರದಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಸಿಗುವ ಹೋಬಳಿ ಕೇಂದ್ರ ಸಾತನೂರು. ಸುತ್ತ ರಾಗಿ ಹೊಲ, ಹಿಪ್ಪುನೇರಳೆ ತೋಟ, ಮಾವು, ತೆಂಗು. ಹತ್ತಿರದಲ್ಲೇ ಕಬ್ಬಾಳು ಬೆಟ್ಟ. ಎಷ್ಟೋ ಮನೆಗಳ ಮಕ್ಕಳು ಬೆಂಗಳೂರಿನಲ್ಲಿ ದುಡಿಯುತ್ತಾರೆ, ಹಬ್ಬಕ್ಕೆ ಊರಿಗೆ ಬರುತ್ತಾರೆ. ಅವರ ಮಕ್ಕಳ ಚೀಲದಲ್ಲಿ ಈಗೀಗ ಒಂದು ಪುಟ್ಟ ತಗಡಿನ ಡಬ್ಬಿ ಇರುವುದುಂಟು. ಒಳಗೆ ಇಸ್ಪೀಟಿನಂಥ 108 ಎಲೆಗಳು. ಒಂದೊಂದು ಎಲೆಯ ಮೇಲೂ ಒಂದೊಂದು ಜಪಾನಿ ತಿನಿಸು, ಅದಕ್ಕೆ ಗುಂಡು ಮುಖ, ಚುಕ್ಕಿ ಕಣ್ಣು, ಸಣ್ಣ ನಗು. ಆಟದ ಹೆಸರು ‘ಸುಷಿ ಗೋ’. ಆಡಿ ಮುಗಿಸಿದ ಮಕ್ಕಳು ಕೇಳುವ ಪ್ರಶ್ನೆ ಸಹಜವಾದದ್ದು: ಇಂಥದ್ದನ್ನು ನಮ್ಮ ಊಟದ ಮೇಲೆ ಮಾಡಲು ಆಗುವುದಿಲ್ಲವೇ?

ಆಗುತ್ತದೆ. ಆದರೆ ಕೆಲಸಕ್ಕೆ ಕೈ ಹಾಕುವ ಮೊದಲೇ ದಾರಿ ತಪ್ಪಿಸುವ ನಂಬಿಕೆಗಳು ಬಹಳ ಇವೆ. ಹಿರಿಯರಲ್ಲಿ ಕೆಲವು, ಹುಡುಗರಲ್ಲಿ ಕೆಲವು. ಅವನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ತಪ್ಪು ಕಲ್ಪನೆ: ಎಲೆ ಆಟ ಎಂದರೆ ಜೂಜು, ಮನೆಯೊಳಗೆ ಬರಬಾರದು

ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಅಂದರ್ ಬಾಹರ್, ಮೂರೆಲೆ ಆಟಗಳು ಹಳ್ಳಿಗಳಲ್ಲಿ ಎಷ್ಟೋ ಸಂಸಾರಗಳ ಜಮೀನು, ಒಡವೆ ನುಂಗಿವೆ. ಅದನ್ನು ಕಣ್ಣಾರೆ ಕಂಡ ತಾಯಿ ಇಸ್ಪೀಟಿನ ಕಟ್ಟು ಕಂಡರೆ ಸಿಡುಕುವುದಕ್ಕೆ ಕಾರಣವಿದೆ.

ವಾಸ್ತವ: ಆಟವನ್ನು ಜೂಜಾಗಿಸುವುದು ನಡುವೆ ಇಟ್ಟ ದುಡ್ಡು. ನಮ್ಮ ನ್ಯಾಯಾಲಯಗಳೂ ಎಲ್ಲ ಎಲೆ ಆಟಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿಲ್ಲ. ಮೂರೆಲೆ ಆಟದ ಹಾಗೆ ರಮ್ಮಿ ಬರೀ ಅದೃಷ್ಟದ ಆಟವಲ್ಲ, ಅದರಲ್ಲಿ ಕೌಶಲವೇ ಮುಖ್ಯ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಲೆಕ್ಕ ಹಾಕಬೇಕು ಎನ್ನುವುದು ಆ ತೀರ್ಪಿನ ತಿರುಳು.

ಇನ್ನು ನಮ್ಮ ಇತಿಹಾಸ ನೋಡಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳನ್ನು ವಿದ್ಯೆಯ ಸಾಲಿನಲ್ಲಿ ಇಟ್ಟವರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಗಂಜೀಫಾ ಆಟಗಳ ವಿವರವಿದೆ. ಗಂಜೀಫಾ ಎಂದರೆ ಕೈಯಿಂದ ಚಿತ್ರ ಬರೆದ ದುಂಡನೆಯ ಎಲೆಗಳು. ದಶಾವತಾರದ ಕಟ್ಟಿನಲ್ಲಿ ಹತ್ತು ಅವತಾರಕ್ಕೆ ಹನ್ನೆರಡರಂತೆ 120 ಎಲೆ; ಒಡೆಯರ ಕಾಲದಲ್ಲಿ ರೂಪುಗೊಂಡ ಕಟ್ಟುಗಳಲ್ಲಿ 360 ಎಲೆಯದೂ ಇತ್ತು. ಮರೆಯಾಗುತ್ತಿದ್ದ ಈ ಕಲೆಗೆ ನಮ್ಮ ಕಾಲದಲ್ಲಿ ಮತ್ತೆ ಜೀವ ಕೊಟ್ಟವರು ಗಂಜೀಫಾ ರಘುಪತಿ ಭಟ್ಟರು. ಮೈಸೂರು ಗಂಜೀಫಾಕ್ಕೆ ಇಂದು ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಅರಮನೆಯಲ್ಲಿ ದೇವರ ಚಿತ್ರ ಬರೆದು ಆಡಿದ ನಾಡಿನಲ್ಲಿ ಎಲೆ ಆಟವೇ ಕೆಟ್ಟದ್ದು ಎನ್ನುವುದು ಸರಿಯಲ್ಲ.

ಜಪಾನಿನ ಕಥೆಯೂ ಇದೇ. ಅಲ್ಲಿನ ತೊಕುಗಾವ ಆಳ್ವಿಕೆ ಜೂಜಿನ ಕಾರಣಕ್ಕೆ ಇಸ್ಪೀಟನ್ನು ಮತ್ತೆ ಮತ್ತೆ ನಿಷೇಧಿಸಿತು. ಅಂಕಿ ಮರೆಸಿ ಹೂವಿನ ಚಿತ್ರ ಬಿಡಿಸಿದ ‘ಹನಾಫುದಾ’ ಹುಟ್ಟಿಕೊಂಡದ್ದು ಆ ಹಿನ್ನೆಲೆಯಲ್ಲಿ: ಹನ್ನೆರಡು ತಿಂಗಳಿಗೆ ನಾಲ್ಕರಂತೆ 48 ಎಲೆ. 1889ರಲ್ಲಿ ಕ್ಯೋಟೋದಲ್ಲಿ ಈ ಎಲೆಗಳನ್ನು ತಯಾರಿಸಲೆಂದು ಶುರುವಾದ ಅಂಗಡಿಯೇ ಇಂದಿನ ನಿಂಟೆಂಡೊ. ಅದೇ ದೇಶದಲ್ಲಿ ಹೊಸ ವರ್ಷಕ್ಕೆ ಮನೆಮಂದಿ ಸೇರಿ ನೂರು ಕವಿಗಳ ನೂರು ಪದ್ಯಗಳ ಎಲೆ ಹರಡಿಕೊಂಡು, ಒಬ್ಬರು ಪದ್ಯ ಓದುತ್ತಿದ್ದಂತೆ ಉಳಿದವರು ಎಲೆ ಹುಡುಕಿ ಹಿಡಿಯುತ್ತಾರೆ. ಒಂದೇ ಬಗೆಯ ಕಾಗದದ ತುಂಡು ಜೂಜಿಗೂ ಬಂತು, ಕಾವ್ಯಕ್ಕೂ ಬಂತು.

ತಪ್ಪು ಕಲ್ಪನೆ: ಜಪಾನಿ ತಿನಿಸಿನ ಆಟ ಜಪಾನಿನವರೇ ಮಾಡಿರಬೇಕು

ವಾಸ್ತವ: ‘ಸುಷಿ ಗೋ’ ಮಾಡಿದವರು ಆಸ್ಟ್ರೇಲಿಯಾದ ಫಿಲ್ ವಾಕರ್-ಹಾರ್ಡಿಂಗ್. 2013ರಲ್ಲಿ ತಮ್ಮದೇ ಸಣ್ಣ ಸಂಸ್ಥೆಯಿಂದ ಹೊರತಂದರು. ಮರುವರ್ಷ ಅಮೆರಿಕದ ಗೇಮ್‌ರೈಟ್ ಅದನ್ನು ಎತ್ತಿಕೊಂಡಿತು. ಆದರೆ ಆಟದ ಒಳಗಿನ ಯುಕ್ತಿಗೆ, ಅಂದರೆ ಕೈಯಲ್ಲಿರುವುದರಲ್ಲಿ ಒಂದನ್ನು ಇಟ್ಟುಕೊಂಡು ಉಳಿದ ಕಟ್ಟನ್ನು ಪಕ್ಕದವರಿಗೆ ದಾಟಿಸುವ ವಿಧಾನಕ್ಕೆ, ಜಪಾನಿನಲ್ಲೇ ಒಬ್ಬ ಹಿರಿಯನಿದ್ದಾನೆ: ಸತೋಷಿ ನಕಮುರಾ 2004ರಲ್ಲಿ ಮಾಡಿದ ‘ಫೇರಿ ಟೇಲ್’. ನಂತರ 2010ರಲ್ಲಿ ಫ್ರಾನ್ಸಿನ ಆಂಟ್ವಾನ್ ಬೌಜಾ ‘ಸೆವೆನ್ ವಂಡರ್ಸ್’ನಲ್ಲಿ ಅದೇ ಯುಕ್ತಿಯನ್ನು ಜಗತ್ತಿಗೆಲ್ಲ ಪರಿಚಯಿಸಿದರು.

ತಿನಿಸುಗಳೂ ಹೀಗೇ ಊರೂರು ದಾಟಿದವು. ಹದಿನಾರನೆಯ ಶತಮಾನದಲ್ಲಿ ಜಪಾನಿಗೆ ಬಂದ ಪೋರ್ಚುಗೀಸರು ಹಿಟ್ಟಿನಲ್ಲಿ ಅದ್ದಿ ಕರಿಯುವ ಪದ್ಧತಿಯನ್ನು ತಂದರು, ಅದರಿಂದ ಟೆಂಪುರಾ ಬೆಳೆಯಿತು. ಅದೇ ಹಡಗುಗಳಲ್ಲಿ ಇಸ್ಪೀಟೆಲೆಯೂ ಬಂತು. ನಮ್ಮ ಉಪ್ಪುಸಾರಿನ ಖಾರಕ್ಕೆ ಅರೆಯುವ ಮೆಣಸಿನಕಾಯಿ ಈ ದೇಶಕ್ಕೆ ಬಂದದ್ದೂ ಅವರ ಮೂಲಕವೇ. ಆದ್ದರಿಂದ ‘ಇದು ನಮ್ಮದಲ್ಲ, ನಾವು ಮುಟ್ಟಬಾರದು’ ಎಂಬ ಅಳುಕು ಬೇಡ. ಬೇಕಾದದ್ದು ಗೌರವ. ಜಪಾನಿನ ಊಟದ ಮೇಲೆ ಆಟ ಮಾಡುವುದಾದರೆ ಸುಷಿ ಎಂದರೆ ಹಸಿ ಮೀನು ಎಂದು ಬರೆಯಬಾರದು. ಸುಷಿಯ ಜೀವ ವಿನೆಗರ್ ಬೆರೆಸಿದ ಅನ್ನದಲ್ಲಿದೆ. ಅನ್ನವಿಲ್ಲದೆ ಬಡಿಸುವ ಹಸಿ ಮೀನಿನ ಹೋಳು ಸಾಶಿಮಿ. ಇಷ್ಟನ್ನೂ ತಿಳಿಯದೆ ಚಿತ್ರ ಬರೆದರೆ, ನಮ್ಮ ಮುದ್ದೆಗೆ ಯಾರೋ ಚಮಚ ಹಾಕಿ ಬರೆದಾಗ ನಮಗೆ ಆಗುವ ಬೇಸರವೇ ಅವರಿಗೂ ಆಗುತ್ತದೆ.

ತಪ್ಪು ಕಲ್ಪನೆ: ಸುಷಿ ತೆಗೆದು ಇಡ್ಲಿ ಹಾಕಿದರೆ ಅದು ನಮ್ಮ ಆಟ

ಹುಡುಗರು ಹೆಚ್ಚು ಎಡವುವುದು ಇಲ್ಲಿ. ಸಾಶಿಮಿ ಇದ್ದ ಕಡೆ ಬಿಡದಿಯ ತಟ್ಟೆ ಇಡ್ಲಿ, ಟೆಂಪುರಾ ಇದ್ದ ಕಡೆ ಮದ್ದೂರು ವಡೆ, ಪುಡ್ಡಿಂಗ್ ಇದ್ದ ಕಡೆ ಮೈಸೂರು ಪಾಕ್. ಚಿತ್ರ ಬದಲಾಯಿತು, ಆಟ ಹಾಗೇ ಉಳಿಯಿತು.

ವಾಸ್ತವ: ಒಳ್ಳೆಯ ತಿನಿಸಿನ ಆಟದಲ್ಲಿ ನಿಯಮ ಹುಟ್ಟುವುದು ಆ ತಿನಿಸನ್ನು ತಿನ್ನುವ ರೀತಿಯಿಂದ. ‘ಸುಷಿ ಗೋ’ದಲ್ಲಿ ಕೈಯಲ್ಲಿರುವ ಎಲೆಗಳು ಯಾಕೆ ಪಕ್ಕದವರಿಗೆ ಹೋಗುತ್ತವೆ? 1958ರಲ್ಲಿ ಯೋಶಿಯಾಕಿ ಶಿರಾಯಿಷಿ ಎಂಬುವರು ಹಿಗಾಶಿ-ಒಸಾಕಾದಲ್ಲಿ ತಿರುಗುವ ಪಟ್ಟಿಯ ಮೇಲೆ ಸುಷಿ ತಟ್ಟೆ ಸಾಗಿಸುವ ಹೋಟೆಲು ತೆರೆದರು. ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಪಟ್ಟಿಯ ಮೇಲೆ ಸಾಗುವುದನ್ನು ನೋಡಿ ಹೊಳೆದ ಉಪಾಯ ಅದು. ಗಿರಾಕಿ ಕೂತಲ್ಲೇ ಕೂತಿರುತ್ತಾನೆ, ತಟ್ಟೆ ಮುಂದೆ ಹಾಯುತ್ತದೆ. ಬೇಕಾದ್ದನ್ನು ಎತ್ತಿಕೊಳ್ಳಬೇಕು, ಬಿಟ್ಟರೆ ಮುಂದಿನವನ ಪಾಲು. ಆ ಹೋಟೆಲಿನ ಆಸೆ ಮತ್ತು ಆತುರ ಎರಡೂ ಆಟದೊಳಗೆ ಬಂದಿವೆ. ಖಾರದ ವಸಾಬಿಯ ಎಲೆಗೆ ತನ್ನದೇ ಅಂಕವಿಲ್ಲ. ಅದರ ಮೇಲೆ ನಂತರ ಬರುವ ನಿಗಿರಿ ಎಂಬ ಸುಷಿಯ ಅಂಕ ಮೂರು ಪಟ್ಟಾಗುತ್ತದೆ, ಏಕೆಂದರೆ ವಸಾಬಿಯನ್ನು ಯಾರೂ ಬರಿದೇ ತಿನ್ನುವುದಿಲ್ಲ. ಚಾಪ್‌ಸ್ಟಿಕ್ ಎಲೆ ಇದ್ದವರು ಒಮ್ಮೆಗೆ ಎರಡು ಎಲೆ ಎತ್ತಿಕೊಳ್ಳಬಹುದು. ಪುಡ್ಡಿಂಗಿನ ಲೆಕ್ಕ ಮೂರು ಸುತ್ತೂ ಮುಗಿದ ಮೇಲೆ, ಊಟದ ಕೊನೆಗೆ ಸಿಹಿ ಬರುವ ಹಾಗೆ.

ನಮ್ಮ ಗಂಜೀಫಾದಲ್ಲೂ ಈ ಸೊಗಸು ಇತ್ತು. ದಶಾವತಾರದ ಆಟವನ್ನು ಹಗಲು ಆಡಿದರೆ ರಾಮನ ಎಲೆಗಳ ರಾಜ ಯಾರ ಕೈಯಲ್ಲಿದೆಯೋ ಅವರು ಮೊದಲು ಇಳಿಯಬೇಕು. ರಾತ್ರಿಯಾದರೆ ಕೃಷ್ಣನ ರಾಜ ಇರುವವರು. ಸೂರ್ಯವಂಶದವನಿಗೆ ಹಗಲು, ನಡುರಾತ್ರಿ ಹುಟ್ಟಿದವನಿಗೆ ಇರುಳು. ಕಥೆ ಗೊತ್ತಿದ್ದವರಿಗೆ ನಿಯಮವನ್ನು ಬೇರೆಯಾಗಿ ಕಲಿಸಬೇಕಿಲ್ಲ.

ಹಾಗಾದರೆ ಸಾತನೂರಿನ ಊಟದಲ್ಲಿ ನಿಯಮಗಳು ಎಲ್ಲಿವೆ? ಬೇಕಾದಷ್ಟಿವೆ. ಮೊದಲು ಪಂಕ್ತಿ. ಮದುವೆ, ಹಬ್ಬ, ಬೀಗರೂಟದಲ್ಲಿ ಉಣ್ಣುವವರು ಸಾಲಾಗಿ ಕೂರುತ್ತಾರೆ, ಬಡಿಸುವವರು ಸಾಲಿನುದ್ದಕ್ಕೂ ನಡೆಯುತ್ತಾರೆ. ಬಕೆಟ್ಟಿನಲ್ಲಿ ತುಂಡು ಇರುವುದೆಲ್ಲ ಸಾಲಿನ ಮೊದಲಿನವರಿಗೇ ಹೋಗಿ ಕೊನೆಯವರಿಗೆ ಬರೀ ಸಾರು ಉಳಿದರೆ ಬಡಿಸುವವನು ಮಾತು ಕೇಳಬೇಕಾಗುತ್ತದೆ. ಒಂದು ಸುತ್ತು ಎಡಗಡೆಯಿಂದ, ಮುಂದಿನ ಸುತ್ತು ಬಲಗಡೆಯಿಂದ ಬಡಿಸುವುದು, ಪ್ರತಿ ಸುತ್ತಿಗೂ ಬಡಿಸುವವರು ಬದಲಾಗುವುದು, ಬಡಿಸಿದವರು ಕೊನೆಗೆ ಉಣ್ಣುವುದು: ಇಷ್ಟರಲ್ಲೇ ಒಂದು ಆಟದ ಬೆನ್ನೆಲುಬು ಸಿಕ್ಕಿತು. ಇದು ಸುಷಿ ಪಟ್ಟಿಯ ನಕಲಲ್ಲ. ಅಲ್ಲಿ ತಟ್ಟೆಯನ್ನು ಯಂತ್ರ ಸಾಗಿಸುತ್ತದೆ. ಇಲ್ಲಿ ಬಡಿಸುವವನ ಕೈಯಲ್ಲಿ ಒಂದು ತೀರ್ಮಾನ ಇರುತ್ತದೆ, ಯಾರಿಗೆ ಏನು ಹಾಕಬೇಕು ಎಂಬುದು.

ಎರಡನೆಯದು ಬಸ್ಸಾರು. ಸೊಪ್ಪು, ಕಾಳು ಬೇಯಿಸಿ ನೀರು ಬಸಿಯುತ್ತೇವೆ. ಬಸಿದ ನೀರಿನಿಂದ ಸಾರು, ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಒಂದೇ ಪಾತ್ರೆ, ಎರಡು ವ್ಯಂಜನ. ಇದನ್ನು ಎಲೆ ಮಾಡಿದರೆ ಅದು ತಾನೇ ತಾನಾಗಿ ಎರಡು ಕಡೆ ಅಂಕ ಕೊಡುವ ಎಲೆ: ಇಳಿಸಿದವರಿಗೆ ಸಾರಿನ ಅಂಕ, ಪಲ್ಯದ ಪಾಲು ಎಡಕ್ಕೋ ಬಲಕ್ಕೋ ಕೂತವರಿಗೆ. ಯಾರಿಗೆ ಕೊಡುತ್ತೀರಿ ಎನ್ನುವುದರಲ್ಲಿ ಸ್ನೇಹವಿದೆ, ಜಗಳವಿದೆ. ಜಗತ್ತಿನ ಬೇರೆ ಯಾವ ಆಟದಿಂದಲೂ ಈ ಎಲೆಯನ್ನು ಎರವಲು ತರಬೇಕಾಗಿಲ್ಲ.

ಮೂರನೆಯದು ಮುದ್ದೆಯ ಬಿಸಿ. ಆರಿದ ಮುದ್ದೆಗೆ ರುಚಿಯಿಲ್ಲ. ಹಾಗಾಗಿ ಮುದ್ದೆಯ ಎಲೆ ಇಳಿಸಿದ ಮುಂದಿನ ಸರದಿಯಲ್ಲೇ ಸಾರು ಬಂದರೆ ಪೂರ್ತಿ ಅಂಕ, ತಡವಾದಷ್ಟೂ ಕಡಿಮೆ, ಸುತ್ತು ಮುಗಿದರೆ ಸೊನ್ನೆ. ಉಪ್ಪುಸಾರಿನ ಎಲೆಗೆ ಖಾರದ ಎಲೆ ಜೊತೆಯಾಗಲೇಬೇಕು, ಏಕೆಂದರೆ ನಮ್ಮಲ್ಲಿ ಅದರ ಖಾರವನ್ನು ಬೇರೆಯೇ ಅರೆದು ಇಡುತ್ತಾರೆ. ನಾಟಿಕೋಳಿ ಸಾರು ದೊಡ್ಡ ಅಂಕದ್ದು, ಆದರೆ ಅಪರೂಪದ್ದು. ಹುರುಳಿಕಾಳಿನ ಸಾರಿಗೆ ಅಂಕ ಕಡಿಮೆ, ಎಲೆಗಳು ಹೆಚ್ಚು. ತಂಬಿಟ್ಟು ಹಬ್ಬ ಬರುವ ಸುತ್ತಿನಲ್ಲಿ ಮಾತ್ರ ಬೆಲೆಬಾಳುತ್ತದೆ.

ಸುತ್ತುಗಳಿಗೂ ನಮ್ಮ ಕಾಲಮಾನವನ್ನೇ ಕೊಡಬಹುದು. ಮುಂಗಾರಿನ ಸುತ್ತಿನಲ್ಲಿ ಸೊಪ್ಪಿಗೆ ಹೆಚ್ಚು ಬೆಲೆ. ಚಳಿಗಾಲದಲ್ಲಿ ಸೊಗಡಿನ ಅವರೆ, ಹಿತಕಿದ ಬೇಳೆ. ಬೇಸಿಗೆಯಲ್ಲಿ ಮಾವು; ರಾಮನಗರ ಸೀಮೆ ಮಾವಿಗೆ ಹೆಸರಾದದ್ದು, ಅದಿಲ್ಲದೆ ಈ ಕಟ್ಟು ಪೂರ್ತಿಯಾಗದು. ಒಂದು ವರ್ಷದ ಊಟ ಮೂರು ಸುತ್ತಿನಲ್ಲಿ ಮುಗಿಯುತ್ತದೆ.

ತಪ್ಪು ಕಲ್ಪನೆ: ಎರಡು ಕಣ್ಣು, ಒಂದು ಬಾಯಿ ಬರೆದರೆ ತಿನಿಸು ಮುದ್ದಾಗುತ್ತದೆ

ವಾಸ್ತವ: ಮುದ್ದಿಗೆ ಒಂದು ಅಂಗರಚನೆ ಇದೆ. ಆಸ್ಟ್ರಿಯಾದ ಪ್ರಾಣಿವರ್ತನ ವಿಜ್ಞಾನಿ ಕೊನ್ರಾಡ್ ಲೊರೆಂಟ್ಸ್ 1943ರಲ್ಲಿ ಇದನ್ನು ಗುರುತಿಸಿದರು: ದೊಡ್ಡ ತಲೆ, ಅಗಲ ಹಣೆ, ಮುಖದ ನಡುಗೆರೆಗಿಂತ ಕೆಳಗೆ ಕೂತ ದೊಡ್ಡ ಕಣ್ಣು, ಉಬ್ಬಿದ ಕೆನ್ನೆ, ಗಿಡ್ಡ ಕೈಕಾಲು. ಕೂಸಿನ ಈ ಲಕ್ಷಣಗಳು ಎಲ್ಲಿ ಕಂಡರೂ ನಮ್ಮ ಮನಸ್ಸು ಕರಗುತ್ತದೆ. ಮುದ್ದೆಯ ಚಿತ್ರದಲ್ಲಿ ಕಣ್ಣನ್ನು ಮೇಲಕ್ಕೆ ಬರೆದು ನೋಡಿ, ಯಾರೋ ದೊಡ್ಡವರು ಗದರಿಸುತ್ತಿರುವಂತೆ ಕಾಣುತ್ತದೆ. ಅದೇ ಕಣ್ಣನ್ನು ನಡುಗೆರೆಯಿಂದ ಕೆಳಗಿಳಿಸಿ, ಒಂದಕ್ಕೊಂದು ದೂರ ಮಾಡಿ, ಬಾಯನ್ನು ಎರಡೂ ಕಣ್ಣಿನ ನಡುವೆ ಚಿಕ್ಕದಾಗಿ ಇಡಿ. ಕೂಸಾಗುತ್ತದೆ.

ಆದರೆ ಅಂಗರಚನೆಯಷ್ಟೇ ಸಾಲದು, ಪಾತ್ರಕ್ಕೆ ಒಂದು ಮನಸ್ಸು ಬೇಕು. ಜಪಾನಿನವರ ನಿಜವಾದ ಹೆಚ್ಚುಗಾರಿಕೆ ಇರುವುದು ಇಲ್ಲಿ. ಹಲೋ ಕಿಟಿಯ ಕಂಪನಿ ಸಾನ್ರಿಯೋ 2013ರಲ್ಲಿ ‘ಗುದೆತಮಾ’ ಎಂಬ ಪಾತ್ರ ತಂದಿತು. ಅದೊಂದು ಮೊಟ್ಟೆಯ ಹಳದಿ; ಏಳಲು ಮನಸ್ಸಿಲ್ಲದೆ ಬಿದ್ದುಕೊಂಡೇ ಇರುತ್ತದೆ. ಸಾನ್-ಎಕ್ಸ್ ಕಂಪನಿಯ 2012ರ ‘ಸುಮಿಕ್ಕೊ ಗುರಾಶಿ’ ಇನ್ನೂ ಮುಂದೆ ಹೋಯಿತು. ಅದರಲ್ಲಿ ಒಂದು ಪಾತ್ರ ಕರಿದ ಮಾಂಸದ ಕೊನೆಯ ತುಂಡು. ಬರೀ ಕೊಬ್ಬು ಎಂದು ತಿಂದವರು ತಟ್ಟೆಯಲ್ಲೇ ಬಿಟ್ಟುಹೋಗಿದ್ದಾರೆ. ಅದಕ್ಕೆ ಗೆಳೆಯನಾಗಿ ಒಂದು ಕರಿದ ಸೀಗಡಿಯ ಬಾಲ; ಗಟ್ಟಿ ಎಂದು ಅದನ್ನೂ ಬಿಟ್ಟಿದ್ದಾರೆ. ಎಂದಾದರೊಂದು ದಿನ ಯಾರಾದರೂ ತಮ್ಮನ್ನು ತಿಂದಾರು ಎಂದು ಎರಡೂ ಕಾಯುತ್ತವೆ. ಬೇಡವಾದದ್ದರ ಮೇಲೆ ಅಕ್ಕರೆ ಹುಟ್ಟಿಸುವ ಕಲೆ ಇದು. ಇದನ್ನು ನಾವು ಜಪಾನಿನಿಂದ ಕಲಿಯಬೇಕು, ಅವರ ಗೆರೆಗಳನ್ನಲ್ಲ.

ನಮ್ಮ ಅಡುಗೆಮನೆಯಲ್ಲಿ ಇಂಥ ಪಾತ್ರಗಳಿಗೆ ಕೊರತೆಯಿಲ್ಲ. ಮುದ್ದೆ ಮಾಡಿದ ಪಾತ್ರೆಯ ತಳಕ್ಕೆ ಹಿಡಿದ ಗರಿಗರಿ ಪೊರೆ, ದೊಡ್ಡವರು ಕಡೆಗಣಿಸಿದ್ದು, ಮಕ್ಕಳು ಕೆರೆದು ತಿನ್ನುವುದು. ಸಾರಿನಿಂದ ಎತ್ತಿ ಊಟದ ಎಲೆಯ ಅಂಚಿಗೆ ಸರಿಸುವ ಕರಿಬೇವು. ಹಿತಕಿದ ಮೇಲೆ ರಾಶಿ ಬೀಳುವ ಅವರೆ ಸಿಪ್ಪೆ. ಬಸಿಯುವಾಗ ಪಾತ್ರೆಯಿಂದ ಜಾರಿದ ಒಂದು ಅಲಸಂದೆ ಕಾಳು. ಇವಕ್ಕೆ ಮುಖ ಕೊಡಿ. ಕರಿಬೇವಿನ ಎಲೆಗೆ ತನ್ನದೇ ಅಂಕ ಇಲ್ಲದಿರಲಿ. ಯಾರೂ ಎತ್ತಿಕೊಳ್ಳದೆ ಕೊನೆಯವರೆಗೂ ಸುತ್ತಿ ಬಂದರೆ ಅದನ್ನು ಕೈಯಲ್ಲಿ ಉಳಿಸಿಕೊಂಡವರಿಗೆ ದೊಡ್ಡ ಬಹುಮಾನ ಸಿಗಲಿ. ಮಕ್ಕಳು ಅದರ ಹಿಂದೆ ಬೀಳುತ್ತಾರೆ.

ಚಿತ್ರಕ್ಕೆ ಜಪಾನಿ ಶೈಲಿಯೇ ಬೇಕೆಂದಿಲ್ಲ. ಚನ್ನಪಟ್ಟಣದ ಗೊಂಬೆಗಳನ್ನು ದಿಟ್ಟಿಸಿ ನೋಡಿ: ಚೂಪಿಲ್ಲದ ಅಂಚು, ಗುಂಡು ತಲೆ, ಮೂರು ನಾಲ್ಕು ಗಟ್ಟಿ ಬಣ್ಣ, ಎರಡು ಚುಕ್ಕಿಯ ಕಣ್ಣು. ಕಡಿಮೆ ಗೆರೆಯಲ್ಲಿ ಮುದ್ದು ತರುವ ಪಾಠ ಪಕ್ಕದ ತಾಲ್ಲೂಕಿನಲ್ಲೇ ಇದೆ.

ತಪ್ಪು ಕಲ್ಪನೆ: ಅಂಕವನ್ನೂ ಎಲೆಗಳ ಸಂಖ್ಯೆಯನ್ನೂ ಅಂದಾಜಿನಲ್ಲಿ ಇಟ್ಟರೆ ಸಾಕು

ವಾಸ್ತವ: ಆಟದ ಗುಟ್ಟೆಲ್ಲ ಇಲ್ಲಿದೆ, ಇದು ಹತ್ತನೇ ತರಗತಿಯ ಲೆಕ್ಕದಷ್ಟೇ ಸುಲಭ. ‘ಸುಷಿ ಗೋ’ದ ಕಟ್ಟನ್ನು ಬಿಡಿಸಿ ಎಣಿಸಿ. ಟೆಂಪುರಾ 14, ಸಾಶಿಮಿ 14, ಡಂಪ್ಲಿಂಗ್ 14, ಮಾಕಿ ಸುರುಳಿಗಳು 26, ನಿಗಿರಿ 20, ಪುಡ್ಡಿಂಗ್ 10, ವಸಾಬಿ 6, ಚಾಪ್‌ಸ್ಟಿಕ್ 4. ಒಟ್ಟು 108. ಇದರಲ್ಲಿ ಅಷ್ಟೋತ್ತರದ ಪುಣ್ಯವೇನೂ ಇಲ್ಲ. ಇಬ್ಬರಿದ್ದರೆ ತಲಾ 10 ಎಲೆ, ಮೂವರಿಗೆ 9, ನಾಲ್ವರಿಗೆ 8, ಐವರಿಗೆ 7. ಸುತ್ತು ಮೂರು, ಒಮ್ಮೆ ಇಳಿದ ಎಲೆ ಮತ್ತೆ ಕಟ್ಟಿಗೆ ಸೇರುವುದಿಲ್ಲ. ಐವರು ಆಡಿದರೆ 5 × 7 × 3 = 105. ಕಟ್ಟಿನಲ್ಲಿ ಮೂರೇ ಎಲೆ ಉಳಿಯುತ್ತವೆ. ಐವರಿಗೂ 8 ಹಂಚಿದ್ದರೆ 120 ಬೇಕಾಗುತ್ತಿತ್ತು, ಕಟ್ಟು ಸಾಲುತ್ತಿರಲಿಲ್ಲ.

ಈಗ ಟೆಂಪುರಾ ಮತ್ತು ಸಾಶಿಮಿಯನ್ನು ಪಕ್ಕಪಕ್ಕ ಇಡಿ. ಎರಡರದೂ 14 ಎಲೆ. ಟೆಂಪುರಾ ಎರಡು ಸೇರಿದರೆ 5 ಅಂಕ, ಸಾಶಿಮಿ ಮೂರು ಸೇರಿದರೆ 10. ಕಡಿಮೆಯಾದರೆ ಎರಡಕ್ಕೂ ಸೊನ್ನೆ. ನಾಲ್ವರು ಆಡುವಾಗ ಒಂದು ಸುತ್ತಿಗೆ 32 ಎಲೆ ಹೊರಬರುತ್ತವೆ, ಅದರಲ್ಲಿ ಸರಾಸರಿ ನಾಲ್ಕು ಟೆಂಪುರಾ, ನಾಲ್ಕು ಸಾಶಿಮಿ. ನಾಲ್ಕು ಟೆಂಪುರಾದಲ್ಲಿ ಎರಡು ಜೋಡಿ ಆಗುತ್ತದೆ. ನಾಲ್ಕು ಸಾಶಿಮಿಯಲ್ಲಿ ಒಂದೇ ಒಂದು ತ್ರಿಕೂಟ. ಇಬ್ಬರು ಅದರ ಹಿಂದೆ ಬಿದ್ದು ಎರಡೆರಡು ಹಿಡಿದರೆ ಇಬ್ಬರಿಗೂ ಏನೂ ಇಲ್ಲ. ಒಂದೇ ಸಂಖ್ಯೆಯ ಎಲೆ, ಒಂದಕ್ಕೆ ನೆಮ್ಮದಿಯ ಗುಣ, ಇನ್ನೊಂದಕ್ಕೆ ದುಡುಕಿನ ಗುಣ. ಬರೀ ‘ಎರಡು’ ಮತ್ತು ‘ಮೂರು’ ಎಂಬ ವ್ಯತ್ಯಾಸದಿಂದ ಇಷ್ಟೂ ಆಗಿದೆ. ಆಟ ಕಟ್ಟುವ ವಿದ್ಯೆ ಎಂದರೆ ನನ್ನ ಮಟ್ಟಿಗೆ ಇದೇ.

ಇದನ್ನೇ ನಮ್ಮ ಕಟ್ಟಿಗೆ ಹಚ್ಚೋಣ. 108 ಎಲೆಯಲ್ಲಿ ಮುದ್ದೆ 24 ಇಟ್ಟರೆ ನಾಲ್ವರ ಒಂದು ಸುತ್ತಿಗೆ ಸರಾಸರಿ ಏಳು ಮುದ್ದೆ ಬರುತ್ತದೆ; ತಲೆಗೆ ಎರಡೂ ಸಿಗುವುದಿಲ್ಲ, ಆದರೆ ಉಪವಾಸ ಬೀಳುವವರೂ ಕಡಿಮೆ. ನಾಟಿಕೋಳಿ ಸಾರು 6 ಇಟ್ಟರೆ ಸುತ್ತಿಗೆ ಎರಡಕ್ಕಿಂತ ಸ್ವಲ್ಪ ಕಡಿಮೆ. ನಾಲ್ಕು ಜನಕ್ಕೆ ಎರಡು ಕೋಳಿ ಸಾರು ಎಂದರೆ ಪೈಪೋಟಿ ಹುಟ್ಟಿತು. ಅದನ್ನೇ 16 ಮಾಡಿದರೆ ಎಲ್ಲರಿಗೂ ಒಂದೊಂದು ಸಿಕ್ಕಿ ಆ ಎಲೆಗೆ ಬೆಲೆಯೇ ಇರುವುದಿಲ್ಲ.

ತಪ್ಪು ಕಲ್ಪನೆ: ಮೊದಲು ಚಂದದ ಚಿತ್ರ, ಆಮೇಲೆ ಆಟ

ವಾಸ್ತವ: ಚಿತ್ರ ಬರೆದಾದ ಮೇಲೆ ಆ ಎಲೆಯನ್ನು ಕಿತ್ತುಹಾಕಲು ಕೈ ಬರುವುದಿಲ್ಲ. ಆಟ ಕೆಡುವುದು ಆಗಲೇ. ಮೊದಲು ಪೆನ್ಸಿಲ್ಲಿನಲ್ಲಿ ‘ಮುದ್ದೆ’, ‘ಬಸ್ಸಾರು’ ಎಂದು ಬರೆದ ಚೀಟಿಗಳು ಸಾಕು. ರಮ್ಮಿಗೆ ಇಡುವ ಎರಡು ಕಟ್ಟು ತೆಗೆದುಕೊಳ್ಳಿ. ಕಟ್ಟಿಗೆರಡು ಜೋಕರ್ ಸೇರಿಸಿದರೆ ಸರಿಯಾಗಿ 108 ಎಲೆ. ಅವುಗಳ ಮೇಲೆ ಚೀಟಿ ಅಂಟಿಸಿ ಆಡಿ. ಯಾವ ಎಲೆಯನ್ನು ಯಾರೂ ಎತ್ತುವುದಿಲ್ಲ, ಯಾವುದನ್ನು ಎಲ್ಲರೂ ಮೊದಲೇ ಎತ್ತುತ್ತಾರೆ, ಎಲ್ಲಿ ಒಬ್ಬರು ಯೋಚಿಸುತ್ತ ಕೂತು ಉಳಿದವರು ಆಕಳಿಸುತ್ತಾರೆ, ಇವನ್ನು ಬರೆದಿಡಿ. ಎತ್ತದ ಎಲೆಯ ಅಂಕ ಏರಿಸಿ ಅಥವಾ ಎಲೆಯನ್ನೇ ತೆಗೆಯಿರಿ.

ನಂತರದ ಪರೀಕ್ಷೆ ಕಷ್ಟದ್ದು. ನಿಯಮದ ಹಾಳೆಯನ್ನೂ ಕಟ್ಟನ್ನೂ ಆಟ ಗೊತ್ತಿಲ್ಲದ ಒಂದು ಮನೆಗೆ ಕೊಟ್ಟು, ಮೂಲೆಯಲ್ಲಿ ಬಾಯಿ ಮುಚ್ಚಿ ಕೂರಬೇಕು. ಅವರು ತಪ್ಪು ಆಡಿದರೂ ತಿದ್ದಬಾರದು. ಅವರ ತಪ್ಪೆಲ್ಲ ನಿಮ್ಮ ಹಾಳೆಯ ತಪ್ಪು. ಆ ಮನೆಯಲ್ಲಿ ಒಬ್ಬ ಅಜ್ಜಿಯೂ ಒಬ್ಬ ಮೂರನೇ ತರಗತಿಯ ಮಗುವೂ ಇದ್ದರೆ ನಿಮ್ಮ ಅದೃಷ್ಟ. ಬಸ್ಸಾರಿಗೆ ಹಾಕಿದ ಅಂಕ ಸರಿಯಿಲ್ಲ ಎಂದು ಅಜ್ಜಿ ಹೇಳಿದರೆ ಒಪ್ಪಿಕೊಳ್ಳಿ, ಅದನ್ನು ನಿಮಗಿಂತ ಹೆಚ್ಚು ಸಲ ಬಸಿದವರು ಅವರು.

ತಪ್ಪು ಕಲ್ಪನೆ: ಕನ್ನಡ ಅಕ್ಷರ ಪುಟ್ಟ ಎಲೆಗೆ ಹೊಂದುವುದಿಲ್ಲ

ವಾಸ್ತವ: ಹೊಂದುತ್ತದೆ, ಜಾಗದ ಲೆಕ್ಕ ಬೇರೆ, ಅಷ್ಟೇ. ಸಾಮಾನ್ಯ ಎಲೆಯ ಅಳತೆ 63 × 88 ಮಿಲಿಮೀಟರ್. ಕೈಯಲ್ಲಿ ಬೀಸಣಿಗೆಯಾಗಿ ಹಿಡಿದಾಗ ಕಾಣುವುದು ಎಡಗಡೆಯ ಮೇಲಿನ ಮೂಲೆ ಮಾತ್ರ. ಅಲ್ಲಿ ಹೆಸರು ತುರುಕಬೇಡಿ. ಒಂದು ಗುರುತು, ಒಂದು ಅಂಕಿ ಸಾಕು. ಹೆಸರು ಕೆಳಗಿರಲಿ, ಒತ್ತಕ್ಷರ ಇಳಿಯಲು ಸಾಲಿನ ಅಡಿಯಲ್ಲಿ ಜಾಗ ಬಿಡಿ. ಹಸಿರು, ಕೆಂಪು ಎಂಬ ಬಣ್ಣದ ಭೇದವೊಂದನ್ನೇ ನಂಬಬೇಡಿ. ಆ ಎರಡು ಬಣ್ಣ ಬೇರೆಯಾಗಿ ಕಾಣದವರು ಇದ್ದಾರೆ, ಸಂಜೆಯ ಮಂದ ದೀಪದಲ್ಲಿ ಎಲ್ಲರಿಗೂ ಕಷ್ಟ. ಆಕಾರವೂ ಬೇರೆಯಾಗಿರಲಿ.

ತಪ್ಪು ಕಲ್ಪನೆ: ಲಕ್ಷಗಟ್ಟಲೆ ದುಡ್ಡಿಲ್ಲದೆ ಆಟ ಹೊರಬರುವುದಿಲ್ಲ

ವಾಸ್ತವ: ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟಿನ ಖರ್ಚು ಮೊದಲೇ ಬೀಳುತ್ತದೆ, ಹಾಗಾಗಿ ಸಾವಿರ ಕಟ್ಟು ಮಾಡಿದರಷ್ಟೇ ಒಂದರ ಬೆಲೆ ಇಳಿಯುವುದು. ಮೊದಲ ಹತ್ತಿಪ್ಪತ್ತು ಕಟ್ಟಿಗೆ ಆ ದಾರಿ ಬೇಡ. ಕನಕಪುರದಲ್ಲೋ ರಾಮನಗರದಲ್ಲೋ ಡಿಜಿಟಲ್ ಮುದ್ರಣದ ಅಂಗಡಿಯಲ್ಲಿ 300 ಜಿಎಸ್‌ಎಂ ಕಾಗದದ ಮೇಲೆ ಅಚ್ಚು ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ, ಮೂಲೆ ದುಂಡಗೆ ಕತ್ತರಿಸಿದರೆ ಆಡಲು ತಕ್ಕ ಕಟ್ಟು ಸಿಗುತ್ತದೆ.

ಡಬ್ಬಿಯನ್ನು ಬೇರೆಯವರಿಗಿಂತ ಭಿನ್ನ ಮಾಡುವ ಸಾಮಾನು ಇನ್ನೂ ಹತ್ತಿರದಲ್ಲಿದೆ. ಸಾತನೂರಿನಿಂದ ಚನ್ನಪಟ್ಟಣಕ್ಕೆ ನೇರ ರಸ್ತೆಯಿದೆ. ಅಲ್ಲಿ ಆಲೆಮರದ ತುಂಡನ್ನು ಚರಕಿಗೆ ಕೊಟ್ಟು, ತಿರುಗುವ ಬಿಸಿಗೆ ಅರಗಿನ ಬಣ್ಣ ಹಿಡಿಸಿ, ಒಣ ಗರಿಯಲ್ಲಿ ಉಜ್ಜಿ ಹೊಳಪು ತರುತ್ತಾರೆ. ಅಂಕ ಎಣಿಸಲು ಬೆರಳುಗಾತ್ರದ ಮರದ ಮುದ್ದೆಗಳು, ಬಡಿಸುವವನ ಗುರುತಿಗೆ ಒಂದು ಪುಟ್ಟ ಸೌಟು: ಇವನ್ನು ಅಲ್ಲಿ ಮಾಡಿಸಬಹುದು. ಚನ್ನಪಟ್ಟಣದ ಕಸುಬಿಗೆ ಜಪಾನಿನ ನಂಟೂ ಇದೆ. ಅಲ್ಲಿ ಗೊಂಬೆ ಕೆಲಸದ ಪಿತಾಮಹ ಎಂದು ನೆನೆಯುವ ಬಾವಾಸ್ ಮಿಯಾ ಜಪಾನಿ ಗೊಂಬೆ ತಯಾರಿಕೆಯ ಪದ್ಧತಿಯನ್ನು ಇಲ್ಲಿನ ಕುಶಲಕರ್ಮಿಗಳಿಗೆ ಪರಿಚಯಿಸಿದವರು. ಜಪಾನಿನ ಮುದ್ದನ್ನು ನೋಡಿ ನಮ್ಮದನ್ನು ಮಾಡುವ ಕೆಲಸ ಈ ಸೀಮೆಗೆ ಹೊಸದಲ್ಲ.

ಒಂದು ಕಾನೂನಿನ ಮಾತು ಗೊತ್ತಿರಲಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಬಿಐಎಸ್ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಿಗರ ಹಾಗೂ ಭೌಗೋಳಿಕ ಸೂಚಕ ಪಡೆದ ಆಟಿಕೆಗಳಿಗೆ ವಿನಾಯಿತಿ ಇದೆ. ಅಂಗಡಿಗೆ ಇಡುವ ಮುನ್ನ ಇದನ್ನು ವಿಚಾರಿಸಿಕೊಳ್ಳಬೇಕು. ಮನೆಯಲ್ಲಿ, ಶಾಲೆಯಲ್ಲಿ ಮಾಡಿಕೊಂಡು ಆಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ತಪ್ಪು ಕಲ್ಪನೆ: ಯಾರಿಗಾದರೂ ತೋರಿಸಿದರೆ ಉಪಾಯ ಕದಿಯುತ್ತಾರೆ

ವಾಸ್ತವ: ಬಚ್ಚಿಟ್ಟ ಆಟ ಬೆಳೆಯುವುದಿಲ್ಲ. ಭಾರತದ ಪೇಟೆಂಟ್ ಕಾಯ್ದೆಯ 3(ಎಂ) ಕಲಮು ಆಟವಾಡುವ ವಿಧಾನಕ್ಕೆ ಪೇಟೆಂಟ್ ಕೊಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಕೃತಿಸ್ವಾಮ್ಯ ಸಿಗುವುದು ಬರೆದ ಚಿತ್ರಕ್ಕೆ, ನಿಯಮ ವಿವರಿಸಿದ ಬರವಣಿಗೆಗೆ. ಬರೀ ಉಪಾಯಕ್ಕೆ ಸಿಗುವುದಿಲ್ಲ. ಇದರ ಇನ್ನೊಂದು ಮಗ್ಗುಲನ್ನೂ ನೋಡಿ: ಎಲೆ ಎತ್ತಿ ದಾಟಿಸುವ ವಿಧಾನವನ್ನು ನಾವೂ ಧಾರಾಳವಾಗಿ ಬಳಸಬಹುದು. ‘ಸುಷಿ ಗೋ’ದ ಹೆಸರನ್ನು, ಚಿತ್ರಗಳನ್ನು, ಅದರ ನಿಯಮಪುಸ್ತಕದ ಮಾತುಗಳನ್ನು ಮಾತ್ರ ಮುಟ್ಟುವಂತಿಲ್ಲ.

ಸಾತನೂರು ಹೋಬಳಿಯ ಶಾಲೆಗಳ ಮೇಷ್ಟ್ರುಗಳಲ್ಲಿ, ಗ್ರಂಥಾಲಯ ನೋಡಿಕೊಳ್ಳುವವರಲ್ಲಿ, ಹಬ್ಬಕ್ಕೆ ಊರಿಗೆ ಬರುವ ತಂದೆ ತಾಯಂದಿರಲ್ಲಿ ಒಂದು ಕೋರಿಕೆ. ಮುಂದಿನ ರಜೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು 108 ಚೀಟಿ ಬರೆಯಿಸಿ. ಮನೆಯ ಹಿರಿಯರನ್ನು ಕೇಳಿ ಯಾವ ಸಾರಿಗೆ ಯಾವ ಕಾಳು, ಯಾವ ತಿಂಗಳಿಗೆ ಯಾವ ಸೊಪ್ಪು ಎಂದು ಮಕ್ಕಳೇ ತುಂಬಲಿ, ಅಂಕವನ್ನೂ ಅವರೇ ಹಾಕಲಿ. ದುಡ್ಡು ಕಟ್ಟದೆ ಆಡಿ. ಆಟ ಚೆನ್ನಾಗಿ ಕೂತಿತು ಎನಿಸಿದ ಮೇಲೆ ಚಿತ್ರ ಬರೆಯುವವರನ್ನು ಹುಡುಕಿದರೆ ಸಾಕು.